ಮೇಣದ ಮಹಾರಾಣಿ, ಎರಡನೇ ಸಲ

ಆಟ ಮುಗದು ತಾಸಾತು, ಯಾರೂ ಮನೀಗೆ ಹೋಗವಲ್ಲರು.
ಸೋಲಾಪುರದ ಅಶೋಕ ಚೌಕದ ಹಿಂದ
ಮಗ್ಗ ಮಾರಿ ಖಾಲಿಯಾದ ಶೆಡ್ಡಿನ ಎದುರು
ಚಹಾದ ಗಾಡಿ ಸುತ್ತ ನಿಂತು ಜಗಳಾಡಾಕತ್ತಾರ.

"ಹದಿನಾರು ಪರದೆ ಇದ್ದುವು ಆಗ," ಅಂತಾನ ಇರಬಸಪ್ಪ ತಂಬಾಕೆ,
"ಈಗ ಒಂದು ಚಾದರ!
ಮೂಲ್ಯಾಗ ಮಿಲ್ಲಿನ ಶಿಕ್ಕಾ ಬ್ಯಾರೆ.
ಅರಮನಿ ಗ್ವಾಡಿಗೆ ಮಿಲ್ಲಿನ ಶಿಕ್ಕಾ ಅಂದ್ರ?"
"ಖರೇ ಕುದುರಿ ಬರತಿತ್ತು ಎರಡನೇ ಅಂಕಕ್ಕ."
"ಟಾಂಗಾದ ಕುದುರಿ ಅದು. ರಾಜನ ಪದದ ನಡುವ
ಲದ್ದಿ ಹಾಕಿದ್ದು ಮರತ್ಯೇನು?"

ಬೀಡಿ ಕಟ್ಟೂ ನರ್ಸಮ್ಮ ಬೊಲ್ಲಿ
(ಮನಿಮಾತು ತೆಲುಗು, ಸಿಟ್ಟು ಮರಾಠಿ,
ನಾಟಕದ ಹುಚ್ಚಷ್ಟೇ ಕನ್ನಡ)
ಬಶಿಯೊಳಗ ಚಹಾ ಸುರಕೊಂಡು ಅಂದಳು:
"ನಾಕು ಮಂದಿ, ಒಂದು ಪೇಟಿ. ಅದರಾಗೂ ಒಂದು ಕರೇ ಮನಿ ಸತ್ತೈತಿ.
ಆದ್ರೂ ನಾ ಅತ್ತೆ.
ಯಾಕತ್ತೆ ಅಂತ ಕೇಳಬ್ಯಾಡ್ರಿ."

ಅಕ್ಕಲಕೋಟಿಯ ಆ ತಂಬುನಾಗ
ಮೂರನೇ ರಾತ್ರಿ ಇದ್ದವರು ಹನ್ನೊಂದು ಮಂದಿ.
ಇವತ್ತ ಗಾಡಿ ಮುಂದ "ನಾ ನೋಡೇನಿ" ಅಂದವರು
ಎಣಸಿದೆ, ಇಪ್ಪತ್ತಾರು.
ಅದರಾಗ ಇಬ್ಬರು ಆಗಿನ್ನೂ ಹುಟ್ಟಿರಲಿಲ್ಲ.

ನಾ ಸುಮ್ಮನಿದ್ದೆ.
ನಾ ಮೊದಲ ರಾತ್ರೀನೂ ಇದ್ದಾಂವ.
ತಂಬು ತುಂಬಿತ್ತು. ಏಪ್ರಿಲ್ ತಿಂಗಳು.
ಮೇಣದ ರಾಣಿ ಖರೇ ಮೇಣದವಳೇ ಕಾಣಲಿ ಅಂತ
ಚಂಪಾಬಾಯಿ ಬಳೂರಗಿಯ ಮಾರಿಗೆ ಮೇಣದ ಮುಖವಾಡ ಕಟ್ಟಿದ್ರು.
ಮೂರನೇ ಅಂಕದಾಗ ಕರಗಬೇಕಾದ ಮೂಗು
ನಾಂದಿ ಮುಗಿಯೋದರಾಗ ಸೋರಾಕ ಹತ್ತಿತು.
ಮೊದಲನೇ ಸಾಲಿನ್ಯಾಗ, ಚಾಪಿ ಮ್ಯಾಲ, ಒಬ್ಬ ಹುಡುಗ ಕಿಸಕ್ಕಂತ ನಕ್ಕ.
ಅವನ ಹಿಂದ ಚಾಪಿ ನಕ್ಕಿತು, ಖುರ್ಚಿ ನಕ್ಕುವು,
ಹೆಣ್ಮಕ್ಕಳ ಬಾಜೂನೂ ನಕ್ಕಿತು.
ಆ ಹುಡುಗಗ ಆಗ ಹನ್ನೆರಡು ವರ್ಷ.
ಈಗ ಟವೆಲ್ಲಿನ ಅಂಚು ಹೊಲೀತಾನ. ಯಾರಿಗೂ ಹೇಳಿಲ್ಲ.

ಮಾಲಕ ಪರದೆ ಮಾರಿದ. ಚಂಪಾಬಾಯಿ ಎಲ್ಲಿ ಹೋದಳೋ
ಒಬ್ಬೊಬ್ಬರು ಒಂದೊಂದು ಊರು ಹೇಳತಾರ.

ಇವತ್ತ ರಾಣಿ ಆದ ಹುಡುಗಿ ಮೇಘಾ ಹತ್ತೂರೆ.
ಕಲತಿದ್ದು ಮರಾಠಿ ಸಾಲಿ.
ಕನ್ನಡದ ಮಾತು ಅಷ್ಟೂ ಮರಾಠಿ ಅಕ್ಷರದಾಗ ಬರಕೊಂಡು
ಬಾಯಿಪಾಠ ಮಾಡ್ಯಾಳ.
ಮುಖವಾಡ ಇಲ್ಲ. ಬಣ್ಣಾನೂ ಇಲ್ಲ.
ಗುರುಬಾಳಪ್ಪ, ಇಡೀ ನಾಟಕ ಬಾಯಾಗ ಇಟಗೊಂಡಾಂವ,
ಆಕಿಗಿಂತ ಒಂದು ಮಾತು ಮುಂದ ಪಿಸುಗುಡತಾನs ಇದ್ದ.
ಹಿಂದಿನವರು ಎರಡು ಸಲ ಬೈದರು.

ಮೂರನೇ ಅಂಕ. "ದೀಪ ಹಚ್ಚಿರಿ, ನನ್ನ ನಾ ನೋಡಬೇಕು"
ಅಂದು ಒಂದು ಮೇಣಬತ್ತಿ ಹಚ್ಚಿದಳು.
ಮುಂದ ಪದ ಬರಬೇಕು. ಬರಲಿಲ್ಲ.
ಪೇಟಿಯವ ಭಾತೆ ಹಾಕತಾನ, ಕಾಯತಾನ.
ಬತ್ತಿ ಆಕಿ ಕೈ ಮ್ಯಾಲ ಸೋರತೈತಿ.
ಎಲ್ಲಾರೂ ಗುರುಬಾಳಪ್ಪನ ಕಡೆ ಹೊಳ್ಳಿದ್ರು, ಹೇಳೋ ಮಾರಾಯಾ!
ಅಂವ ತುಟಿ ಹೊಲಕೊಂಡಿದ್ದ.

ಆಮ್ಯಾಲ ಹಾಡಿದಳು. ಸಣ್ಣಗ. ಎರಡೇ ಸಾಲು.

"ಮರತಿದ್ದಳು," ಅಂತಾನ ಇರಬಸಪ್ಪ ಈಗ.
"ಮರತಿರಲಿಲ್ಲ," ಅಂತಾನ ಗುರುಬಾಳಪ್ಪ,
ಗ್ಲಾಸು ಕೆಳಗಿಟ್ಟು.
"ಆ ಜಾಗಾದಾಗ ಚಂಪಾಬಾಯಿ ಹನ್ನೆರಡು ಮಿನಿಟು ತಾನು ಎಳದಳು.
ತಪ್ಪು ಅಲ್ಲೇ ಇತ್ತು. ಮೇಣದ್ದಲ್ಲ."
ಇದಕ್ಕ ಅರ್ಧ ಮಂದಿ ಹೌದಂದ್ರು,
ಅರ್ಧ ಮಂದಿ ಚಂಪಾಬಾಯಿಗೆ ಅಂದಿದ್ದಕ್ಕ
ಅಂವಗ ಹೊಡ್ಯಾಕ ಹೋದ್ರು.

ಮೇಘಾ ಹೊರಗ ಬಂದಳು, ಚಾದರ ಮಡಚಿ ಹಿಡಕೊಂಡು.
"ಕಾಕಾ, ನಿಮ್ಮ ಚಾದರ. ಅಂಚಿಗೆ ಮೇಣ ಬಿದ್ದಾವ, ಮಾಫ ಮಾಡ್ರಿ.
ನೀವೂ ಆಗಿಂದು ನೋಡಿದ್ರೇನು? ಹ್ಯಾಂಗಿತ್ತು?"

"ಛಲೋ ಇತ್ತವ್ವಾ," ಅಂದೆ. "ಶೆಕಿ ಭಾಳ ಇತ್ತು."

ಬಗಲಾಗ ಚಾದರ ಇಟಗೊಂಡು ಗಲ್ಲಿ ಹಿಡದೆ.
ಅಂಚಿನ ಮೇಣ ಬೆರಳಿಗೆ ಹತ್ತತಿತ್ತು. ಕೆರೀಲಿಲ್ಲ.
ಹಿಂದ ಇರಬಸಪ್ಪನ ದನಿ ಇನ್ನೂ ಕೇಳತೈತಿ:
"ಹದಿನಾರಲ್ಲೋ, ಹದಿನೇಳು! ತೋಟದ ಪರದೆ ಬಿಟ್ಟೆವು."